ಆ ಗುಳಿಗೆ ಯಾವುದಕ್ಕೆ? ಕೊಪ್ಪಳ ಸೀಮೆಯ ಒಂದು ಪ್ರಕರಣ

ನಾನು ಮಕ್ಕಳ ಡಾಕ್ಟರ್, ಕೊಪ್ಪಳ ಜಿಲ್ಲೆಯಲ್ಲಿ ಕೆಲಸ. ಈ ಹುಡುಗಿಯನ್ನು ಅವಳ ಹನ್ನೊಂದನೇ ದಿನದಿಂದ ಬಲ್ಲೆ. ಇಲ್ಲಿ ಅವಳನ್ನು ನೀಲಾ ಅಂತ ಕರೆಯುತ್ತೇನೆ. ಹೆಸರು, ಊರು, ಮನೆಯ ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ತಂದೆ ತಾಯಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಈ ಕೇಸಿನಲ್ಲಿ ರೋಗ ಹಿಡಿಯುವುದರಲ್ಲಿ ತಪ್ಪಾಗಲಿಲ್ಲ, ಔಷಧದಲ್ಲೂ ತಪ್ಪಾಗಲಿಲ್ಲ. ನಾನು ಹೇಳಿದ ಒಂದು ಮಾತಿನಲ್ಲಿ ತಪ್ಪಾಯಿತು. ಅದು ಗೊತ್ತಾಗಿದ್ದು ಏಳು ವರ್ಷದ ಮೇಲೆ, ಮಗು ಸಾಯುವ ಹಂತಕ್ಕೆ ಹೋದಾಗ.

ಮನೆ, ಮದುವೆ, ಮೊದಲ ಮಗು

ಅವರದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಊರು. ಅದರಲ್ಲೂ ಉಪಕಾಲುವೆಯ ಕೊನೆಗೆ ಇರುವ ಹೊಲ. ನಾಲ್ಕು ಎಕರೆ ಭತ್ತ, ಒಂದು ಹಳೇ ಟ್ರ್ಯಾಕ್ಟರ್. ತಾಯಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ಹಾಗಾಗಿ ಅವಳಿಗೆ ಅತ್ತೆಯೂ ಅಜ್ಜಿಯೂ ಒಬ್ಬರೇ. ಮದುವೆಯಾಗಿ ಹತ್ತು ವರ್ಷ ದಾಟಿದರೂ ಅತ್ತೆಯನ್ನು ಅವಳು ಅಜ್ಜಿ ಅಂತಲೇ ಕರೆಯುತ್ತಾಳೆ.

ಮೊದಲ ಮಗು ಗಂಡು. ಹುಟ್ಟಿದಾಗ ಚೆನ್ನಾಗಿತ್ತಂತೆ. ಎರಡನೇ ವಾರ ವಾಂತಿ ಶುರುವಾಯಿತು, ಹಾಲು ಬಿಟ್ಟಿತು, ಹದಿನೇಳನೇ ದಿನ ತೀರಿಕೊಂಡಿತು. ದೃಷ್ಟಿಯಾಯಿತು ಅಂದರು ಮನೆಯವರು. ವಾಂತಿ ಭೇದಿ ಅಂತ ಚೀಟಿಯಲ್ಲಿ ಬರೆದಿತ್ತು.

ಎರಡನೆಯದು ನೀಲಾ. ಹೆರಿಗೆಯಾದ ಕೂಡಲೇ ಯಾರೋ 'ಗಂಡು' ಅಂದರು. ಅಪ್ಪ ಪೇಢಾ ಹಂಚಿದ. ಸಂಜೆ ಇನ್ನೊಬ್ಬ ಸಿಸ್ಟರ್ ಲಂಗೋಟಿ ಬದಲಿಸುವಾಗ ಅನುಮಾನ ಪಟ್ಟರು. ಬೀಜ ಕೈಗೆ ಸಿಗುತ್ತಿಲ್ಲ, ಮೂತ್ರದ ದಾರಿ ಕೆಳಗಿದೆ. ಮರುದಿನ ವಾರ್ಡಿಗೆಲ್ಲ ಸುದ್ದಿ. ಮನೆಯವರು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಯಾರಿಗೂ ಮುಖ ತೋರಿಸದೆ ಊರಿಗೆ ಹೋದರು.

ಹನ್ನೊಂದನೇ ದಿನ ನನ್ನ ಹತ್ತಿರ ಬಂದರು. ಹುಟ್ಟಿದಾಗ 2.9 ಕಿಲೋ ಇದ್ದ ಮಗು 2.3ಕ್ಕೆ ಇಳಿದಿತ್ತು. ವಾಂತಿ, ಒಣಗಿದ ಬಾಯಿ, ಅಳುವುದಕ್ಕೂ ಶಕ್ತಿ ಇಲ್ಲ. ಸೋಡಿಯಂ 116ಕ್ಕೆ ಇಳಿದಿತ್ತು, ಪೊಟ್ಯಾಸಿಯಂ 7.4ಕ್ಕೆ ಏರಿತ್ತು. ಇಂಥ ಅಂಕಿ, ಜೊತೆಗೆ ಆ ಜನನಾಂಗ, ಹದಿನೇಳು ದಿನದಲ್ಲಿ ಸತ್ತ ಒಬ್ಬ ಅಣ್ಣ. ಯೋಚಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕಂಜೆನೈಟಲ್ ಅಡ್ರೀನಲ್ ಹೈಪರ್‌ಪ್ಲೇಸಿಯಾ, ಅಡ್ರೀನಲ್ ಗ್ರಂಥಿಗೆ ಹುಟ್ಟಿನಿಂದಲೇ ಬರುವ ಕಾಯಿಲೆ, ನಾವು ಸಿಎಎಚ್ ಅನ್ನುತ್ತೇವೆ. ಸಲೈನ್, ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಶುರು ಮಾಡಿದೆವು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಕಂಡಿತು. ಜನನ ನೋಂದಣಿಗೆ 21 ದಿನದ ಗಡುವಿದೆ ಅಲ್ವಾ, ರಿಪೋರ್ಟ್ ಬರುವವರೆಗೆ ಅರ್ಜಿಯಲ್ಲಿ ಗಂಡು, ಹೆಣ್ಣು ಅಂತ ಏನೂ ಬರೆಸಬೇಡಿ ಅಂದೆ. ಹತ್ತೊಂಬತ್ತನೇ ದಿನ ವರ್ಣತಂತುವಿನ ರಿಪೋರ್ಟ್ ಬಂತು, ಹೆಣ್ಣುಮಗು ಅಂತ: 46, ಎಕ್ಸ್‌ಎಕ್ಸ್.

ಈ ರೋಗ ಅಷ್ಟೇನೂ ಅಪರೂಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮ ದೇಶದ ಐದು ಕೇಂದ್ರಗಳಲ್ಲಿ 1 ಲಕ್ಷಕ್ಕೂ ಜಾಸ್ತಿ ಹಸುಗೂಸುಗಳನ್ನು ಪರೀಕ್ಷಿಸಿದಾಗ 5,762ಕ್ಕೆ ಒಂದು ಮಗುವಿನಲ್ಲಿ ಸಿಕ್ಕಿತು. ಆರನೇ ವರ್ಣತಂತುವಿನಲ್ಲಿರುವ ಒಂದು ಜೀನ್ ಕೆಟ್ಟಿರುತ್ತದೆ. ತಂದೆ, ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಅವರಿಬ್ಬರಿಗೂ ಏನೂ ಆಗಿರುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರುವುದು ಸುಲಭ.

ತೂಬು ಮುಚ್ಚಿದ ಕಾಲುವೆ

ಅಪ್ಪನಿಗೆ ಇದನ್ನು ಕಾಲುವೆಯ ಲೆಕ್ಕದಲ್ಲಿ ಹೇಳಿದೆ. ಮೂತ್ರಪಿಂಡದ ಮೇಲೆ ಅಡ್ರೀನಲ್ ಅನ್ನುವ ಸಣ್ಣ ಗ್ರಂಥಿ ಇದೆ. ಅದು ಕಾರ್ಟಿಸಾಲ್ ಮಾಡಬೇಕು, ಮೈಯಲ್ಲಿ ಉಪ್ಪು ಹಿಡಿದಿಡುವ ಇನ್ನೊಂದು ಹಾರ್ಮೋನ್ ಮಾಡಬೇಕು. ಈ ಮಗುವಿನಲ್ಲಿ ಆ ಹೊಲಗಳಿಗೆ ಹೋಗುವ ತೂಬು ಮುಚ್ಚಿಕೊಂಡಿದೆ. ನೀರು ಬರಲಿಲ್ಲ ಅಂತ ಮಿದುಳು ಮೇಲಿನಿಂದ ಇನ್ನೂ ಇನ್ನೂ ಬಿಡಿಸುತ್ತದೆ. ಆ ನೀರೆಲ್ಲ ತೆರೆದಿರುವ ಮೂರನೇ ಹೊಲಕ್ಕೆ ನುಗ್ಗುತ್ತದೆ. ಆ ಹೊಲ ಅಂದರೆ ಆಂಡ್ರೋಜನ್, ಗಂಡಸರಲ್ಲಿ ಜಾಸ್ತಿ ಇರುವ ಹಾರ್ಮೋನ್. ಹೊಟ್ಟೆಯಲ್ಲಿದ್ದಾಗಲೇ ಅದು ನುಗ್ಗಿದ್ದರಿಂದ ಹೊರಗಿನ ಅಂಗ ಗಂಡುಮಗುವಿನ ಹಾಗೆ ಬೆಳೆದಿದೆ. ಒಳಗಿನ ಗರ್ಭಕೋಶ, ಅಂಡಾಶಯ ಹೆಣ್ಣಿನವೇ.

ಅಪ್ಪನಿಗೆ ತೂಬು ಚೆನ್ನಾಗಿ ಅರ್ಥವಾಯಿತು. ಕೊನೆ ಹೊಲದ ರೈತನಿಗೆ ಅರ್ಥವಾಗದೆ ಇರುತ್ತಾ? ಆಮೇಲೆ ನಾನೊಂದು ಮಾತು ಹೇಳಿದೆ. ಅದು ಈಗಲೂ ನೆನಪಿದೆ: "ಹೆಣ್ಣುಮಗುನೇ. ಹಾರ್ಮೋನ್ ಏರುಪೇರಾಗಿದೆ ಅಷ್ಟೆ. ಈ ಗುಳಿಗೆ ದಿನಾ ಕೊಡಿ, ಎಲ್ಲ ಸರಿಹೋಗುತ್ತೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ 'ಎಲ್ಲ' ಅನ್ನುವ ಪದವನ್ನು ನಾನು ಆಡಬಾರದಿತ್ತು.

ಗುಳಿಗೆಯ ಕೆಲಸವೂ ಸುಮ್ನೆ ಆಗುವುದಲ್ಲ. ಹೈಡ್ರೋಕಾರ್ಟಿಸೋನ್ 10 ಮಿಲಿಗ್ರಾಂ ಗುಳಿಗೆಯನ್ನು ಪುಡಿ ಮಾಡಿ, ಪಾಲು ಮಾಡಿ, ಪೊಟ್ಟಣ ಕಟ್ಟಿ ದಿನಕ್ಕೆ ಮೂರು ಸಲ ಕೊಡಬೇಕು. ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್ ಬೇರೆ. ಅದು ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗದೆ ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಮೊದಲ ವರ್ಷ ಹಾಲಿನ ಜೊತೆ ಅಳೆದ ಉಪ್ಪು. ಜ್ವರ ಬಂದರೆ ಡೋಸ್ ಎರಡು ಮೂರು ಪಟ್ಟು. ತಾಯಿ ಇದನ್ನೆಲ್ಲ ಗಡಿಯಾರ ನೋಡಿ ಮಾಡಿದಳು. ಅವಳು ಓದಿದ್ದು ಏಳನೇ ಕ್ಲಾಸು. ಅಷ್ಟು ಕಟ್ಟುನಿಟ್ಟು ನಾನು ಕೆಲವು ನರ್ಸ್‌ಗಳಲ್ಲೂ ಕಂಡಿಲ್ಲ.

ಒಂದು ವರ್ಷ ತುಂಬಿದಾಗ ಅಜ್ಜಿ ಆಪರೇಷನ್ ಕೇಳಿದರು. "ಚಿಕ್ಕದಿದ್ದಾಗ್ಲೇ ಕೊಯ್ಸಿಬಿಡ್ರೆವ್ವಾ, ಯಾರಿಗೂ ಗೊತ್ತಾಗಂಗಿಲ್ಲ." ಮೂತ್ರಕ್ಕೆ ಅಡ್ಡಿ ಇರಲಿಲ್ಲ, ಸೋಂಕು ಇರಲಿಲ್ಲ. ಗುಳಿಗೆ ಸರಿಯಾಗಿ ಬಿದ್ದರೆ ಅಂಗ ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ, ಮೈ ಬೆಳೆದ ಹಾಗೆ ಅಷ್ಟು ಎದ್ದು ಕಾಣುವುದಿಲ್ಲ. ಕತ್ತರಿಸಿದರೆ ಸಂವೇದನೆ ಹೋಗಬಹುದು, ಅದನ್ನು ವಾಪಸ್ ತರಲಾಗದು. ಕಾಯೋಣ ಅಂದೆ. ಆಮೇಲೆ 2019ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಹಸುಗೂಸುಗಳ ಆಪರೇಷನ್ ವಿರುದ್ಧ ತೀರ್ಪು ಕೊಟ್ಟಿತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮಾಡಬಹುದು ಅಂತ ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶ ಹೊರಡಿಸಿತು. ಆ ಆದೇಶ ನಮ್ಮ ರಾಜ್ಯದ್ದಲ್ಲ. ಆದರೂ ನನ್ನ ನಿರ್ಧಾರಕ್ಕೆ ಒಂದು ಊರುಗೋಲು ಸಿಕ್ಕ ಹಾಗಾಯಿತು.

ಟ್ರ್ಯಾಕ್ಟರ್

ನಾಲ್ಕು ವರ್ಷಕ್ಕೆಲ್ಲ ನೀಲಾ ಅಪ್ಪನ ಟ್ರ್ಯಾಕ್ಟರ್ ಬಿಟ್ಟು ಇಳಿಯುತ್ತಿರಲಿಲ್ಲ. ನನ್ನ ಕೋಣೆಯ ಮೂಲೆಯಲ್ಲಿ ಒಂದು ಬುಟ್ಟಿ ಇದೆ. ಅದರಲ್ಲಿ ಕಿನ್ನಾಳದ ಬಣ್ಣದ ಗೊಂಬೆ, ಅಡುಗೆ ಸಾಮಾನು, ಪ್ಲಾಸ್ಟಿಕ್ ಟ್ರ್ಯಾಕ್ಟರ್, ಚೆಂಡು. ಅವಳು ಬಂದವಳೇ ಟ್ರ್ಯಾಕ್ಟರಿಗೆ ಕೈ ಹಾಕುತ್ತಿದ್ದಳು. ನನ್ನ ಮೇಜಿನ ಮೇಲಿನ ಸೀಮೆಸುಣ್ಣದ ತುಂಡುಗಳು ಅವಳಿಗೆ ಭತ್ತದ ಚೀಲ. ಟ್ರಾಲಿಗೆ ಒಂದೊಂದಾಗಿ ಏರಿಸಿ, ಎಣಿಸಿ, ಹಗ್ಗ ಕಟ್ಟಿದ ಹಾಗೆ ಬೆರಳಾಡಿಸಿ, "ಗಂಗಾವತಿ ಮಿಲ್ಲಿಗೆ" ಅಂತ ಹೊರಡಿಸುತ್ತಿದ್ದಳು. ಅವಳಿಗಿಂತ ಎರಡು ವರ್ಷ ಚಿಕ್ಕ ತಂಗಿ ಇದ್ದಾಳೆ, ರೋಗ ಇಲ್ಲದವಳು. ಅದೇ ಬುಟ್ಟಿಯಿಂದ ಅವಳು ಒಲೆ, ಪಾತ್ರೆ ತೆಗೆದು ನನಗೆ ಚಹಾ ಮಾಡಿಕೊಡುತ್ತಿದ್ದಳು. ಒಂದೇ ಮನೆ, ಒಂದೇ ಅವ್ವ, ಒಂದೇ ಬುಟ್ಟಿ.

ಇದು ನನಗೆ ಹೊಸದಾಗಿರಲಿಲ್ಲ. 1959ರಲ್ಲೇ ಅಮೆರಿಕದ ವಿಜ್ಞಾನಿಗಳು ಬಸಿರು ಗಿನಿಹಂದಿಗಳಿಗೆ ಟೆಸ್ಟೋಸ್ಟೆರಾನ್ ಕೊಟ್ಟು ನೋಡಿದ್ದರು. ಹುಟ್ಟಿದ ಹೆಣ್ಣು ಮರಿಗಳು ದೊಡ್ಡವಾದ ಮೇಲೆ ಗಂಡಿನ ಹಾಗೆ ವರ್ತಿಸಿದವು. ಮನುಷ್ಯರ ಗಂಡು ಭ್ರೂಣದಲ್ಲಿ ಟೆಸ್ಟೋಸ್ಟೆರಾನ್ ಏರುವುದು ಹೆಚ್ಚುಕಮ್ಮಿ 8ನೇ ವಾರದಿಂದ 24ನೇ ವಾರದ ನಡುವೆ. ಸಿಎಎಚ್ ಇರುವ ಹೆಣ್ಣು ಭ್ರೂಣಕ್ಕೂ ಆ ಹೊತ್ತಿನಲ್ಲಿ ಆಂಡ್ರೋಜನ್ ಜಾಸ್ತಿ ಸಿಗುತ್ತದೆ. ಮಿದುಳು ಕಟ್ಟುವ ಕಾಲ ಅದು. 1992ರಲ್ಲಿ ಶೆರಿ ಬೆರೆನ್‌ಬಾಮ್ ಮತ್ತು ಮೆಲಿಸ್ಸಾ ಹೈನ್ಸ್, ಸಿಎಎಚ್ ಇರುವ 3ರಿಂದ 8 ವರ್ಷದ ಹೆಣ್ಣುಮಕ್ಕಳ ಮುಂದೆ ಆಟಿಕೆ ಇಟ್ಟು ಗಮನಿಸಿದರು. ರೋಗ ಇಲ್ಲದ ಹೆಣ್ಣುಮಕ್ಕಳಿಗಿಂತ ಇವರು ಗಂಡುಹುಡುಗರ ಆಟಿಕೆ ಜೊತೆ ಜಾಸ್ತಿ ಹೊತ್ತು ಆಡಿದರು.

ಹಾಗಂತ ಬ್ಯಾಟ್ ಹಿಡಿದ ಹುಡುಗಿಯರಿಗೆಲ್ಲ ಹಾರ್ಮೋನ್ ತೊಂದರೆ ಅಂತ ಯಾರೂ ಓಡಿ ಬರಬೇಡಿ. ಅಂಥ ಹುಡುಗಿಯರಲ್ಲಿ ಬಹುಪಾಲು ಮಂದಿಗೆ ಯಾವ ರೋಗವೂ ಇರುವುದಿಲ್ಲ. ಬೆರಳು ಅಳೆದು ಹೊಟ್ಟೆಯೊಳಗಿನ ಹಾರ್ಮೋನ್ ಲೆಕ್ಕ ಹಾಕುವವರೂ ಇದ್ದಾರೆ. ಒಂದು ಮಗುವಿನ ವಿಷಯದಲ್ಲಿ ಆ ಅಳತೆಯಿಂದ ಏನೂ ತಿಳಿಯುವುದಿಲ್ಲ.

ನಾನು ಇಷ್ಟೆಲ್ಲ ಓದಿಕೊಂಡಿದ್ದೆ. ಆದರೆ ಮನೆಯವರಿಗೆ ಹೇಳಿರಲಿಲ್ಲ. ಕೇಳಿದರೆ ಹೇಳೋಣ ಅಂತ ಇದ್ದೆ. ಅವರು ಕೇಳಲಿಲ್ಲ. ತಮ್ಮಷ್ಟಕ್ಕೆ ತಾವು ಲೆಕ್ಕ ಹಾಕಿಕೊಂಡರು.

ಪರಕಾರ, ಹುಲಿಗಿ, ಉಪ್ಪಿನ ಡಬ್ಬಿ

ಆರನೇ ವರ್ಷ ನೀಲಾಗೆ ಚಡ್ಡಿ ಬಿಡಿಸಿ ಪರಕಾರ, ಅಂದರೆ ಲಂಗ, ತೊಡಿಸಿದರು. ಕಣಕ್ಕೆ ಹೋಗಬಾರದು, ಕಾಕಾನ ಗಂಡುಮಕ್ಕಳ ಜೊತೆ ಆಡಬಾರದು. ಮನೆಗೆ ಪ್ಲಾಸ್ಟಿಕ್ ಗೊಂಬೆಗಳು ಬಂದವು. ಎರಡೇ ತಿಂಗಳಲ್ಲಿ ಮಗು ಮಾತು ಕಡಿಮೆ ಮಾಡಿತು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಗೊಂಬೆಗಳು ತಂಗಿಯ ಪಾಲಾದವು.

2005ರಲ್ಲಿ ಬಂದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಸಿಎಎಚ್ ಮಕ್ಕಳನ್ನು ತಂದೆ ತಾಯಿಯೇ ಗಂಡುಹುಡುಗರ ಹಾಗೆ ಬೆಳೆಸುತ್ತಾರೇನೋ ಅಂತ ಪರೀಕ್ಷೆ ಮಾಡಿದ್ದರು. ಕಂಡಿದ್ದು ತಿರುಗುಮುರುಗು. ರೋಗ ಇಲ್ಲದ ಅಕ್ಕತಂಗಿಯರಿಗಿಂತ ಈ ಮಕ್ಕಳನ್ನೇ ಹೆಣ್ಣುಮಕ್ಕಳ ಆಟಿಕೆ ಕಡೆ ಜಾಸ್ತಿ ಹುರಿದುಂಬಿಸುತ್ತಿದ್ದರು. ಮಕ್ಕಳು ಆದರೂ ಲಾರಿ, ಕಾರು ಹಿಡಿಯುತ್ತಿದ್ದರು.

ಅಜ್ಜಿಗೆ ಬೇರೆ ಭಯ. "ಹುಲಿಗೆಮ್ಮ ಹಿಡಿದಾಳವ್ವಾ ಇದನ್ನ. ನಾಳೆ ಮುತ್ತು ಕಟ್ಸು ಅಂದ್ರ ಏನ್ ಮಾಡ್ಲಿ?" ಗಂಡಾಗಿ ಹುಟ್ಟಿ, ದೇವಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು ಬದುಕುವ ಜೋಗಪ್ಪಗಳನ್ನು ನೋಡದ ಊರು ನಮ್ಮ ಕಡೆ ಇಲ್ಲ. ಅವರಲ್ಲೊಬ್ಬರಾದ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಇಡೀ ಸೀಮೆ ಹೆಮ್ಮೆ ಪಟ್ಟಿತು. ಆದರೂ ತಮ್ಮ ಮನೆ ಬಾಗಿಲಿಗೆ ಬಂದರೆ ಎದೆ ಡವಡವ. ಜೋಗಪ್ಪಗಳ ಬದುಕಿನ ದಾರಿ ಬೇರೆ, ಈ ಮಗುವಿನ ಅಡ್ರೀನಲ್ ಗ್ರಂಥಿಯ ಕತೆ ಬೇರೆ. ಎರಡನ್ನೂ ಗಂಟು ಹಾಕಬಾರದು ಅಂತ ಅಜ್ಜಿಗೆ ಹೇಳಿದೆ. ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗಬೇಡಿ ಅನ್ನಲಿಲ್ಲ. "ಹೋಗ್ರಿ, ಕಾಯಿ ಒಡಿಸ್ಕೊಂಡ್ ಬರ್ರಿ. ಪೊಟ್ಟಣ ಮಾತ್ರ ಜೊತಿಗೆ ಒಯ್ರಿ" ಅಂದೆ. ಈ ನಿರ್ಧಾರ ಸರಿ ಇತ್ತು ಅಂತ ಈಗಲೂ ಅನ್ನಿಸುತ್ತದೆ.

ತಪ್ಪಿದ್ದು ಅದರ ಮುಂದಿನ ಸಲ. ಓಪಿಡಿಯಲ್ಲಿ ಎಂಬತ್ತು ಮಕ್ಕಳಿದ್ದ ದಿನ. ತಾಯಿ ಎದ್ದು ಹೋಗುವಾಗ ನಗುತ್ತಾ ಅಂದಳು, "ಈಗೀಗ ಉಪ್ಪಿನ ಡಬ್ಬಿಗೆ ಕೈ ಹಾಕ್ತಾಳ್ರಿ. ಬರೀ ಉಪ್ಪು ನೆಕ್ಕತಾಳ." ನಾನೂ ನಕ್ಕೆ. ಮುಂದಿನ ಮಗುವಿನ ಚೀಟಿ ಕೈಗೆ ತೆಗೆದುಕೊಂಡೆ.

ಉಪ್ಪು ನೆಕ್ಕುವುದು ಅಂದರೆ ಮೈ ಉಪ್ಪು ಕಳೆದುಕೊಳ್ಳುತ್ತಿದೆ ಅಂತ. ಇದು ಪುಸ್ತಕದ ಮೊದಲ ಪುಟದಲ್ಲಿರುವ ವಿಷಯ.

ಮೂರು ವಾರದ ಮೇಲೆ ಒಂದು ರಾತ್ರಿ ನೀಲಾ ಬಂದಳು. ಜ್ವರ, ವಾಂತಿ, ಕರೆದರೆ ಕಣ್ಣು ತೆರೆಯುತ್ತಿಲ್ಲ. ರಕ್ತದೊತ್ತಡ ಸಿಗುತ್ತಿಲ್ಲ, ಸಕ್ಕರೆ 38. ಹೈಡ್ರೋಕಾರ್ಟಿಸೋನ್ 50 ಮಿಲಿಗ್ರಾಂ ನರಕ್ಕೆ, ಗ್ಲೂಕೋಸ್, ಸಲೈನ್. ನಾಲ್ಕು ತಾಸಿನ ಮೇಲೆ ಕಣ್ಣು ಬಿಟ್ಟು ಕೇಳಿದ್ದು ಉಪ್ಪಿನಕಾಯಿ.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ. ಗುಳಿಗೆ ನಿಂತು ಎಷ್ಟು ದಿನವಾಯಿತು ಅಂತ ಕೇಳಿದೆ. ತಲೆ ಎತ್ತಲಿಲ್ಲ. "ಮೊದ್ಲು ಒಂದೊಂದ್ ಹೊತ್ತು ಬಿಡ್ತಿದ್ವಿ. ಈಗ ಎಂಟ್ ದಿನ ಆತ್ರಿ ಪೂರಾ ಬಿಟ್ಟು. ಏಳ್ ವರ್ಷ ಕೊಟ್ವಿ ಮೇಡಂ. ಇನ್ನೂ ಟ್ರ್ಯಾಕ್ಟರ್ ಹತ್ತತಾಳ. ಪರಕಾರ ಒಲ್ಲೆ ಅಂತಾಳ. ಎಲ್ಲ ಸರಿಹೋಗ್ತೈತಿ ಅಂದಿದ್ರಿ. ಏನೂ ಗುಣ ಕಾಣಲಿಲ್ಲ."

ಹಾಗಾದರೆ ಏಳು ವರ್ಷ ಅವನು ಕೊಟ್ಟಿದ್ದು ನನ್ನ ಗುಳಿಗೆಯನ್ನಲ್ಲ. ಮಗಳನ್ನು ಹೆಣ್ಣು ಮಾಡುವ ಗುಳಿಗೆಯನ್ನು. ಅದು ಕೆಲಸ ಮಾಡುತ್ತಿಲ್ಲ ಅಂತ ಕಂಡಾಗ ನಿಲ್ಲಿಸಿದ. ಅವನ ಲೆಕ್ಕದಲ್ಲಿ ತಪ್ಪೇನಿದೆ?

ಬಿಡಿಸಿ ಹೇಳಿದ್ದು

ಮಗು ವಾರ್ಡಿಗೆ ಬಂದ ಮೇಲೆ ಮೂರು ದಿನ ಕೂತು ಮಾತಾಡಿದೆ. ಹೊಟ್ಟೆಯೊಳಗೆ ಆಗಿದ್ದು ಆಗಿಹೋಗಿದೆ, ಗುಳಿಗೆ ಹಿಂದಕ್ಕೆ ಹೋಗಿ ಅದನ್ನು ಅಳಿಸುವುದಿಲ್ಲ. ಈಗ ಉಕ್ಕುವ ಆಂಡ್ರೋಜನ್ ತಗ್ಗಿಸುತ್ತದೆ, ವಯಸ್ಸಿಗೆ ಮೊದಲೇ ಮೈ ನೆರೆಯುವುದನ್ನು, ಎತ್ತರ ಕುಂಠಿತವಾಗುವುದನ್ನು ತಡೆಯುತ್ತದೆ. ಎಲ್ಲಕ್ಕಿಂತ ಮೊದಲು ಪ್ರಾಣ ಉಳಿಸುತ್ತದೆ. ಅವಳು ಏನು ಆಡುತ್ತಾಳೆ ಅನ್ನುವುದಕ್ಕೂ ಗುಳಿಗೆಗೂ ಸಂಬಂಧ ಇಲ್ಲ.

ರಾತ್ರಿ ರೌಂಡ್ಸ್‌ನಲ್ಲಿ ತಾಯಿ ಒಬ್ಬಳೇ ಇದ್ದಾಗ ಕೇಳಿದಳು, "ಮುಂದ ಇಕಿ ಗಂಡ್ಸು ಆಗ್ತೀನಿ ಅಂತಾಳೇನ್ರಿ?" ಇಂಥ 250 ಜನರ ದಾಖಲೆ ಒಟ್ಟು ಮಾಡಿ 2005ರಲ್ಲಿ ನೋಡಿದ್ದರು. ಎಲ್ಲರೂ ಹೆಣ್ಣಾಗಿ ಬೆಳೆದವರು. 237 ಮಂದಿ ತಮ್ಮನ್ನು ಹೆಣ್ಣು ಅಂತಲೇ ಕಂಡುಕೊಂಡಿದ್ದರು. 13 ಮಂದಿಗೆ ಆ ಗುರುತು ಒಗ್ಗಿರಲಿಲ್ಲ, ತುಂಬ ಸಂಕಟ ಪಟ್ಟಿದ್ದರು. ಆಟದ ಮೇಲೆ ಹಾರ್ಮೋನಿನ ಒತ್ತು ಜೋರಾಗಿದೆ, ನಾನು ಯಾರು ಅನ್ನುವುದರ ಮೇಲೆ ಅಷ್ಟಿಲ್ಲ. ಇದನ್ನು ಅವಳಿಗೆ ಹೀಗೆ ಹೇಳಿದೆ: "ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ಹೆಣ್ಣಾಗಿಯೇ ಇರುತ್ತಾರೆ. ಒಬ್ಬಳು ಇರಲಿಕ್ಕಿಲ್ಲ. ನಿನ್ನ ಮಗಳು ಯಾವ ಕಡೆ ಅಂತ ನಾನು ಮಾತು ಕೊಡಲ್ಲ. ಅವಳೇ ಹೇಳ್ತಾಳೆ. ಹೇಳಿದ ದಿನ ಬೈಬೇಡ, ನನ್ನ ಹತ್ತಿರ ಕರ್ಕೊಂಡು ಬಾ." ಮಾತು ಕೊಟ್ಟಿದ್ದರೆ ಅವಳಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ. ಆದರೆ 'ಎಲ್ಲ ಸರಿಹೋಗುತ್ತೆ' ಅಂತ ಒಂದು ಸಲ ಹೇಳಿ ಆಗಿತ್ತಲ್ಲ.

ನೀಲಾಳನ್ನು ಮನೆಯವರ ಎದುರು ಏನೂ ಕೇಳಲಿಲ್ಲ. ಮನೆಗೆ ಹೋಗುವ ದಿನ ಇಬ್ಬರೇ ಇದ್ದಾಗ, ಶಾಲೆಯಲ್ಲಿ ಯಾರ ಜೊತೆ ಕೂರುತ್ತೀಯಾ ಅಂತ ಕೇಳಿದೆ. "ಹುಡುಗ್ಯಾರ ಸಾಲಿನಾಗ. ನಾ ಹುಡುಗಿ ಅಲ್ಲೇನ್ರಿ?" ನನ್ನ ಪ್ರಶ್ನೆಯೇ ಅವಳಿಗೆ ತಮಾಷೆ ಅನ್ನಿಸಿತು. ಆಮೇಲೆ ಚಡ್ಡಿ ಯಾವಾಗ ಕೊಡುತ್ತಾರೆ ಅಂತ ಕೇಳಿದಳು. ಅದನ್ನು ಅಂದೇ ಕೊಡಿಸಿದೆ.

ಇಷ್ಟಾದರೂ ಆರು ತಿಂಗಳ ಮೇಲೆ ರಕ್ತಪರೀಕ್ಷೆಯ ಅಂಕಿ ಮತ್ತೆ ಏರಿತ್ತು. ಅಪ್ಪ ರಾತ್ರಿ ಡೋಸ್ ತಪ್ಪಿಸುತ್ತಿದ್ದ. ನನ್ನ ಎದುರು ತಲೆ ಆಡಿಸುತ್ತಾನೆ, ಮನೆಗೆ ಹೋಗಿ ಮತ್ತೆ ಅದೇ. ಚಿತ್ರ ಬರೆದು ತೋರಿಸಿದ್ದೂ ದಂಡ.

ತಮ್ಮ

ನೀಲಾಗೆ ಎಂಟು ನಡೆಯುವಾಗ ತಾಯಿ ಮತ್ತೆ ಬಸುರಿ. ಮುಂದಿನ ಬಸಿರಾದರೆ ಮೊದಲೇ ಬಂದು ಕಾಣಿರಿ ಅಂದಿದ್ದೆ. ಬಂದಿದ್ದು ನಾಲ್ಕನೇ ತಿಂಗಳಲ್ಲಿ. ಅಪ್ಪ ಫೋನಿನಲ್ಲಿ ಏನೋ ನೋಡಿದ್ದ. ಬಸುರಿಗೇ ಡೆಕ್ಸಾಮೆಥಾಸೋನ್ ಕೊಟ್ಟರೆ ಮಗುವಿನ ಅಂಗ ಹಾಗಾಗುವುದಿಲ್ಲವಂತೆ, ಕೊಡಿ ಅಂದ. ಅದನ್ನು ಕೊಡಬೇಕಾದರೆ ಆರು ಏಳನೇ ವಾರದಲ್ಲೇ ಶುರು ಮಾಡಬೇಕು. ಆಗ ಮಗು ಗಂಡೋ ಹೆಣ್ಣೋ, ರೋಗ ಇದೆಯೋ ಇಲ್ಲವೋ ಏನೂ ಗೊತ್ತಿರುವುದಿಲ್ಲ. ಹೀಗೆ ಕೊಟ್ಟರೆ ಎಂಟರಲ್ಲಿ ಏಳು ಭ್ರೂಣಕ್ಕೆ ಬೇಡದ ಔಷಧ ಹೋಗುತ್ತದೆ. ಮಕ್ಕಳ ಮಿದುಳಿಗೆ ಏನಾಗುತ್ತದೋ ಅನ್ನುವ ಅಂಜಿಕೆಯಿಂದ ಸ್ವೀಡನ್ನಿನವರು 2010ರಲ್ಲಿ ಅದನ್ನು ನಿಲ್ಲಿಸಿದರು. ಹೊತ್ತೂ ಮೀರಿತ್ತು. ಮೀರದಿದ್ದರೂ ನಾನು ಕೊಡುತ್ತಿರಲಿಲ್ಲ.

ಹುಟ್ಟಿದ್ದು ಗಂಡು. ನೋಡುವುದಕ್ಕೆ ಏನೂ ವ್ಯತ್ಯಾಸ ಇಲ್ಲ. ಈ ರೋಗದಲ್ಲಿ ಗಂಡುಮಕ್ಕಳು ಸಾಯುವುದೇ ಹಾಗೆ, ಅನುಮಾನ ಪಡಲು ಹೊರಗೆ ಏನೂ ಕಾಣುವುದಿಲ್ಲ. ಇನ್ನು ಬರಲಿಕ್ಕಿಲ್ಲ, ಆಗಲೇ ಎರಡು ಸಲ ಬಂತಲ್ಲ ಅಂತ ಅಜ್ಜಿಯ ಲೆಕ್ಕ. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುತ್ತದಾ? ಮೂರನೇ ದಿನ ಹಿಮ್ಮಡಿಯಿಂದ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದೆವು. ಎಂಟನೇ ದಿನ ರಿಪೋರ್ಟ್ ಬಂತು, ಇವನಿಗೂ ಇದೆ. ಸೋಡಿಯಂ ಆಗಲೇ 131ಕ್ಕೆ ಇಳಿದಿತ್ತು. ಅಂದೇ ಔಷಧ ಶುರು. ಹದಿನೇಳನೇ ದಿನ ಮನೆಯವರು ರಾತ್ರಿಯಿಡೀ ಮಲಗಲಿಲ್ಲವಂತೆ. ಮಗು ಹಾಲು ಕುಡಿದು ಮಲಗಿತ್ತು.

ಡಿಸ್ಚಾರ್ಜ್ ದಿನ ಫಾರ್ಮಸಿಯಿಂದ ಅಪ್ಪ ಎರಡು ಚೀಲ ಹಿಡಿದು ಬಂದ. ಒಂದರಲ್ಲಿ ನೀಲಾಳ ಪೊಟ್ಟಣ, ಇನ್ನೊಂದರಲ್ಲಿ ತಮ್ಮನದು. ಎರಡನ್ನೂ ನನ್ನ ಮೇಜಿನ ಮೇಲಿಟ್ಟು, ಗುಳಿಗೆಯ ಪಟ್ಟಿ ತೆಗೆದು ಹೆಸರು ಹೊಂದಿಸಿ ನೋಡಿದ. ಮತ್ತೊಮ್ಮೆ ನೋಡಿದ.

"ಇಬ್ರಿಗೂ ಒಂದೇ ಗುಳಿಗಿ ಏನ್ರಿ?"

"ಒಂದೇ."

"ಇವ ಗಂಡು."

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾರ ಇದು ಹೆಣ್ ಮಾಡೋ ಗುಳಿಗಿ ಅಲ್ಲ."

ಮೂರು ದಿನ ಕೂತು ನಾನು ಹೇಳಿದ್ದು, ಚಿತ್ರ ಬರೆದದ್ದು ಯಾವುದೂ ಮಾಡದ ಕೆಲಸ ಆ ಎರಡು ಚೀಲ ಮಾಡಿದವು. ಅಲ್ಲಿಂದ ಈಚೆಗೆ ನೀಲಾಳ ಒಂದು ಡೋಸೂ ತಪ್ಪಿಲ್ಲ, ಅಂಕಿಗಳೇ ಹೇಳುತ್ತವೆ.

ಈಗ ಸಿಎಎಚ್ ಮಗು ಬಂದರೆ ನಾನು ಎರಡು ಬೇರೆ ಹಾಳೆ ಕೊಡುತ್ತೇನೆ, ಎರಡು ಬೇರೆ ದಿನ. ಮೊದಲನೆಯದು ಗುಳಿಗೆ, ಉಪ್ಪು, ಜ್ವರ, ಇಂಜೆಕ್ಷನ್ ಬಗ್ಗೆ. ಅದರಲ್ಲಿ ಗಂಡು, ಹೆಣ್ಣು ಅನ್ನುವ ಪದವೇ ಇಲ್ಲ. ಎರಡನೆಯದು ಆಟ, ಬಟ್ಟೆ, ಮುಂದಿನ ದಿನಗಳ ಬಗ್ಗೆ. ಅದರಲ್ಲಿ ಗುಳಿಗೆಯ ಹೆಸರಿಲ್ಲ. ಮನೆಯವರು ಕೇಳುವವರೆಗೆ ಕಾಯುವುದಿಲ್ಲ. ಉಪ್ಪಿನ ಡಬ್ಬಿಯ ಪ್ರಶ್ನೆಯನ್ನು ಪ್ರತಿ ಭೇಟಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದೇನೆ.

ನೀಲಾಗೆ ಈಗ ಹತ್ತು. ಎಲುಬಿನ ಬೆಳವಣಿಗೆ ವಯಸ್ಸಿಗಿಂತ ಒಂದು ವರ್ಷ ಮುಂದಿದೆ, ಅದರ ಮೇಲೆ ಕಣ್ಣಿಟ್ಟಿದ್ದೇವೆ. ಮೈಯ ವಿಷಯ ಅವಳಿಗೇ ಸ್ವಲ್ಪ ಸ್ವಲ್ಪ ಹೇಳಲು ತಾಯಿ ಜೊತೆ ಸೇರಿ ಶುರು ಮಾಡಿದ್ದೇನೆ. ತುರ್ತು ಕಾರ್ಡ್ ಶಾಲೆಯ ಚೀಲದಲ್ಲಿ ಇರುತ್ತದೆ, ಟೀಚರಿಗೂ ಗೊತ್ತು. ಹೋದ ತಿಂಗಳು ಬಂದಾಗ ಅವಳು ತಮ್ಮನ ಪೊಟ್ಟಣ ಎಣಿಸುತ್ತಿದ್ದಳು. ಒಂದು ಕಡಿಮೆ ಇದೆ ಅಂತ ಫಾರ್ಮಸಿಯವನ ಜೊತೆ ಜಗಳ. ಎಣಿಸಿದಾಗ ಒಂದು ಕಡಿಮೆ ಇದ್ದದ್ದು ನಿಜ.